ನೋಟ ಎತ್ತ ಹೊರಳುತ್ತದೆ

"ಓದೋಕೆ ಕೂತ್ರೆ ಒಂದು ಪುಟ ದಾಟಲ್ಲ ಡಾಕ್ಟ್ರೇ. ಕಣ್ಣು ಸಾಲಿನ ಮೇಲೆ ಓಡ್ತಾ ಇರುತ್ತೆ, ತಲೆಗೆ ಮಾತ್ರ ಏನೂ ಹೋಗಲ್ಲ." ಮನೋವೈದ್ಯರ ಕೋಣೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಇದು. ಪರೀಕ್ಷೆ ಹತ್ತಿರ ಬಂದ ಹುಡುಗಿ ಇದನ್ನೇ ಹೇಳುತ್ತಾಳೆ. ಲೆಕ್ಕ ಕೂಡಿಸುವಾಗ ಪದೇ ಪದೇ ತಪ್ಪುವ ಗುಮಾಸ್ತ ತನ್ನದೇ ರೀತಿಯಲ್ಲಿ ಹೇಳುತ್ತಾನೆ. ಒಲೆಯ ಮುಂದೆಯೇ ನಿಂತಿದ್ದೆ, ಹಾಲು ಉಕ್ಕಿ ಹರಿದದ್ದು ಗೊತ್ತೇ ಆಗಲಿಲ್ಲ ಎನ್ನುವ ಗೃಹಿಣಿ ಹೇಳುತ್ತಿರುವುದೂ ಇದನ್ನೇ. ಅಮೆರಿಕದ ಮನೋವೈದ್ಯರ ಸಂಘ ಹೊರತಂದಿರುವ, ಜಗತ್ತಿನ ಹಲವೆಡೆ ವೈದ್ಯರು ನೋಡುವ ಕೈಪಿಡಿಯಲ್ಲಿ ಖಿನ್ನತೆಯ 9 ಲಕ್ಷಣಗಳಿವೆ. ಏಕಾಗ್ರತೆ ಕುಂದುವುದು ಅವುಗಳಲ್ಲಿ ಒಂದು. ಸದಾ ಕಾಡುವ ಆತಂಕದ ಕಾಯಿಲೆಗೆ ಅದೇ ಕೈಪಿಡಿ ಕೊಡುವ 6 ಲಕ್ಷಣಗಳಲ್ಲೂ ಏಕಾಗ್ರತೆಯ ತೊಂದರೆ ಇದೆ.

ಎರಡು ಕಾಯಿಲೆ, ದೂರು ಒಂದೇ. ಆದರೆ ಒಳಗೆ ನಡೆಯುತ್ತಿರುವುದೂ ಒಂದೇ ಏನು? ಆತಂಕದಲ್ಲಿರುವವರ ಗಮನ ಎಲ್ಲಿ ಏನು ಕೆಡುಕಾದೀತೋ ಎಂದು ಸುತ್ತಲೂ ಹುಡುಕುತ್ತಿರುತ್ತದೆ. ಬಾಗಿಲ ಸದ್ದು, ಎದುರಿಗಿದ್ದವರ ಹುಬ್ಬು, ಫೋನಿನ ಕಂಪನ, ಯಾವುದನ್ನೂ ಅದು ಸುಮ್ಮನೆ ಬಿಡುವುದಿಲ್ಲ. ಖಿನ್ನತೆಯಲ್ಲಿರುವವರ ಗಮನ ಹೊರಗೆ ಹೆಚ್ಚು ಹೊತ್ತು ನಿಲ್ಲುವುದೇ ಇಲ್ಲ. ಆಗಿಹೋದದ್ದನ್ನು ಮೆಲುಕು ಹಾಕುತ್ತಾ ಒಳಗೇ ಉಳಿಯುತ್ತದೆ. ಪುಸ್ತಕ ಮಾತ್ರ ಇಬ್ಬರ ಕೈಯಲ್ಲೂ ಅದೇ ಪುಟದಲ್ಲಿ ತೆರೆದೇ ಇರುತ್ತದೆ. ಈ ಅಧ್ಯಾಯ ಆ ವ್ಯತ್ಯಾಸವನ್ನು ಅಳೆಯಲು ಹೊರಟವರ ಬಗ್ಗೆ, ಮತ್ತು ಅದಕ್ಕಾಗಿ ಅವರು ಕೃತಕ ಜಗತ್ತುಗಳನ್ನು ಏಕೆ ಕಟ್ಟಬೇಕಾಯಿತು ಎಂಬುದರ ಬಗ್ಗೆ.

ಗಮನವನ್ನು ಅಳೆಯುವ ಹಳೆಯ ದಾರಿ ಕಾಗದ ಮತ್ತು ಪೆನ್ಸಿಲಿನದು. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷೆಗಳ ಮಾಲೆಯಲ್ಲಿ ಇಂಥದೊಂದಿದೆ. ಹಾಳೆಯ ತುಂಬ 1ರಿಂದ 9ರವರೆಗಿನ ಅಂಕಿಗಳು ಕ್ರಮವಿಲ್ಲದೆ ಸಾಲುಸಾಲಾಗಿ ಅಚ್ಚಾಗಿರುತ್ತವೆ. ಅವುಗಳಲ್ಲಿ 6 ಮತ್ತು 9ನ್ನು ಮಾತ್ರ ಹುಡುಕಿ ಹೊಡೆದುಹಾಕುತ್ತಾ ಹೋಗಬೇಕು. ಎಷ್ಟು ಹೊತ್ತು ಹಿಡಿಯಿತು, ಎಷ್ಟು ತಪ್ಪಿದವು, ಇವೆರಡೇ ಲೆಕ್ಕ. ಮಿದುಳಿಗೆ ಪೆಟ್ಟು ಬಿದ್ದವರಲ್ಲಿ, ಪಾರ್ಶ್ವವಾಯು ಬಡಿದವರಲ್ಲಿ ಗಮನ ಎಷ್ಟು ಕುಂದಿದೆ ಎಂದು ತಿಳಿಯಲು ಇಂಥ ಪರೀಕ್ಷೆಗಳು ಬಹಳ ಉಪಯುಕ್ತ. ಅವುಗಳ ಬೆಲೆಯನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ.

ಆದರೆ ಆತಂಕದ ವ್ಯಕ್ತಿ ಈ ಹಾಳೆಯ ಮುಂದೆ ಕೂತಾಗ ಅನೇಕ ಸಲ ಚೆನ್ನಾಗಿಯೇ ಮಾಡುತ್ತಾರೆ. ಇದರ ಕಾರಣವನ್ನು ಬ್ರಿಟನ್ನಿನ ಮೈಕೆಲ್ ಐಸೆಂಕ್ ಮತ್ತು ಸಂಗಡಿಗರು 2007ರಲ್ಲಿ ಒಂದು ಸಿದ್ಧಾಂತವಾಗಿ ಮುಂದಿಟ್ಟರು. ಗಮನಕ್ಕೆ ಎರಡು ಚಾಲಕಗಳಿವೆ: ಒಂದು, ನಾವು ಬೇಕೆಂದು ಹಿಡಿದ ಗುರಿ, ಇನ್ನೊಂದು, ಹೊರಗಿನಿಂದ ತಟ್ಟನೆ ಎಳೆಯುವ ಸದ್ದು, ಚಲನೆ, ಮುಖ. ಆತಂಕ ಈ ಎರಡರ ನಡುವಿನ ತೂಕವನ್ನು ಹೊರಗಿನ ಸೆಳೆತದ ಕಡೆಗೆ ವಾಲಿಸುತ್ತದೆ ಎಂಬುದು ಅವರ ವಾದ. ಆದರೂ ಕೆಲಸ ಕೆಡುವುದಿಲ್ಲ. ಆತಂಕವುಳ್ಳವರು ಹೆಚ್ಚು ಶ್ರಮ ಹಾಕಿ ಆ ಕೊರತೆಯನ್ನು ತುಂಬಿಬಿಡುತ್ತಾರೆ. ಫಲಿತಾಂಶ ಇತರರಷ್ಟೇ ಬರುತ್ತದೆ, ಅದಕ್ಕೆ ತೆತ್ತ ಬೆಲೆ ಮಾತ್ರ ಹೆಚ್ಚು. ಬಾಗಿಲು ಮುಚ್ಚಿದ, ಫ್ಯಾನ್ ಸದ್ದು ಬಿಟ್ಟರೆ ಬೇರೇನೂ ಇಲ್ಲದ ಕೋಣೆಯಲ್ಲಿ ಹತ್ತು ನಿಮಿಷ ಹಲ್ಲುಕಚ್ಚಿ ಕೂತು ಅಂಕಿ ಹೊಡೆದು ಬಂದವರಿಗೆ "ನಿಮ್ಮ ಗಮನ ಸರಿಯಾಗಿಯೇ ಇದೆ" ಎಂದರೆ, ತಮ್ಮ ಕಷ್ಟವನ್ನು ಯಾರೂ ನಂಬುತ್ತಿಲ್ಲ ಎಂದೇ ಅವರಿಗನ್ನಿಸುತ್ತದೆ. ಎಷ್ಟೋ ಜನ ಇಂಥ ಮಾತು ಕೇಳಿಸಿಕೊಂಡು ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಅಳತೆ ತಪ್ಪಿದಾಗ ಆಗುವ ಹಾನಿ ಇದು.

ಹಾಗಾಗಿ ಗಮನ ಎಷ್ಟಿದೆ ಎಂದು ಕೇಳುವುದನ್ನು ಬಿಟ್ಟು, ಅದು ಎತ್ತ ಹೋಗುತ್ತದೆ ಎಂದು ಕೇಳುವುದು ಮುಂದಿನ ಹೆಜ್ಜೆಯಾಯಿತು. ಕಾಲಿನ್ ಮೆಕ್ಲಾಯ್ಡ್, ಆಂಡ್ರ್ಯೂ ಮ್ಯಾಥ್ಯೂಸ್ ಮತ್ತು ಫಿಲಿಪ್ ಟಾಟಾ ಎಂಬ ಮೂವರು 1986ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಪರದೆಯಲ್ಲಿ ಮೇಲೊಂದು, ಕೆಳಗೊಂದು ಪದ ಅರ್ಧ ಸೆಕೆಂಡು ಮೂಡುತ್ತವೆ. ಒಂದು ಸಾಧಾರಣ ಪದ, ಇನ್ನೊಂದು ಭಯ ಹುಟ್ಟಿಸುವಂಥದ್ದು. ಎರಡೂ ಮಾಯವಾಗಿ ಅವುಗಳಲ್ಲೊಂದರ ಜಾಗದಲ್ಲಿ ಚುಕ್ಕಿ ಕಾಣಿಸುತ್ತದೆ. ಕಂಡ ತಕ್ಷಣ ಗುಂಡಿ ಒತ್ತಬೇಕು. ಆತಂಕದ ರೋಗಿಗಳು ಭಯದ ಪದವಿದ್ದ ಜಾಗದಲ್ಲಿ ಚುಕ್ಕಿ ಬಂದಾಗ ಬೇಗ ಒತ್ತಿದರು. ಅಂದರೆ ಅವರ ಗಮನ ಆಗಲೇ ಅಲ್ಲಿಗೆ ಹೋಗಿ ಕೂತಿತ್ತು. ಅದೇ ಪ್ರಯೋಗದಲ್ಲಿ ಖಿನ್ನತೆಯ ರೋಗಿಗಳಲ್ಲಿ ಈ ವಾಲಿಕೆ ಕಾಣಲಿಲ್ಲ. ಒಂದೇ ದೂರು ಹೇಳುವ ಎರಡು ಕಾಯಿಲೆಗಳನ್ನು ಒಂದು ಚುಕ್ಕಿ ಬೇರ್ಪಡಿಸಿತ್ತು. ಇಪ್ಪತ್ತೊಂದು ವರ್ಷಗಳ ನಂತರ, 2007ರಲ್ಲಿ, ಇಸ್ರೇಲಿನ ಯಾಯಿರ್ ಬಾರ್-ಹೈಮ್ ಮತ್ತು ಸಂಗಡಿಗರು 172 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಆತಂಕವುಳ್ಳವರ ಗಮನ ಅಪಾಯದ ಕಡೆ ವಾಲುವುದು ನಿಜವೆಂದೇ ಕಂಡಿತು.

ಇಲ್ಲಿಗೆ ಕಥೆ ಸುಖಾಂತವಾಗಬೇಕಿತ್ತು. ಆಗಲಿಲ್ಲ. ಜರ್ಮನಿಯ ಸ್ಟೆಫಾನ್ ಶ್ಮುಕ್ಲೆ 2005ರಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು: ಅದೇ ವ್ಯಕ್ತಿಗೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಕೊಟ್ಟರೆ ಅದೇ ಅಂಕ ಬರುತ್ತದೆಯೇ? ಬರಲಿಲ್ಲ. ಮೊದಲ ಸಲದ ಅಂಕಕ್ಕೂ ಎರಡನೆಯ ಸಲದ ಅಂಕಕ್ಕೂ ಸಂಬಂಧವೇ ಇಲ್ಲ ಎನ್ನುವಷ್ಟು ವ್ಯತ್ಯಾಸವಿತ್ತು. ಇವತ್ತು ತೂಗಿದಾಗ ಐದು ಸೇರು, ನಾಳೆ ತೂಗಿದಾಗ ಮೂರು ಸೇರು ತೋರಿಸುವ ತಕ್ಕಡಿಯಿಂದ ಸಂತೆಯ ಒಟ್ಟು ಅಕ್ಕಿಯ ಅಂದಾಜು ಸಿಕ್ಕೀತು, ಆದರೆ ಒಬ್ಬ ಗಿರಾಕಿಗೂ ಅದರಿಂದ ತೂಗಿಕೊಡಲಾಗದು. ನೂರಾರು ಜನರ ಸರಾಸರಿಯಲ್ಲಿ ಆತಂಕದ ವಾಲಿಕೆ ಕಾಣುತ್ತಿತ್ತು; ಎದುರಿಗೆ ಕೂತ ಒಬ್ಬ ರೋಗಿಯ ಬಗ್ಗೆ ಹೇಳಲು ಮಾತ್ರ ಆ ಪರೀಕ್ಷೆ ಬಾಯಿ ಬಿಡುತ್ತಿರಲಿಲ್ಲ.

ಏಕೆ ಹೀಗೆ? ಅಳೆಯುತ್ತಿದ್ದದ್ದು ಗುಂಡಿ ಒತ್ತುವ ವೇಗದಲ್ಲಿನ ಕೆಲವೇ ಮಿಲಿಸೆಕೆಂಡುಗಳ ವ್ಯತ್ಯಾಸವನ್ನು. ಒಂದು ಸರಾಸರಿಯಿಂದ ಇನ್ನೊಂದನ್ನು ಕಳೆದಾಗ ವ್ಯಕ್ತಿಯ ಗುರುತಾಗಿದ್ದ ಬಹುಪಾಲು ಅಂಶ ಕಳೆದುಹೋಗಿ, ಉಳಿಯುವುದರಲ್ಲಿ ಗದ್ದಲವೇ ಹೆಚ್ಚು. ಇದು ಅಂಕಿಅಂಶದ ಕಾರಣ. ನನಗೆ ಇನ್ನೂ ಮುಖ್ಯವೆನಿಸುವ ಕಾರಣ ಬೇರೆ. ಆ ಪರದೆಯಲ್ಲಿ ನೋಡಲು ಇದ್ದ ಜಾಗ ಎರಡೇ, ಮೇಲೆ ಅಥವಾ ಕೆಳಗೆ. ಬೆನ್ನು ತಿರುಗಿಸಲು, ಕಿಟಕಿಯ ಕಡೆ ನೋಡಲು, ನೆಲ ನೋಡುತ್ತಾ ನಿಲ್ಲಲು ಅಲ್ಲಿ ಅವಕಾಶವೇ ಇರಲಿಲ್ಲ. ಹೆದರಿದ ಮನುಷ್ಯ ನಿಜಜೀವನದಲ್ಲಿ ಮಾಡುವುದೇ ಅದನ್ನು.

ಕಣ್ಣಿನ ಚಲನೆಯನ್ನು ನೇರವಾಗಿ ಹಿಡಿಯುವ ಕ್ಯಾಮೆರಾಗಳು ಬಂದಾಗ ಚಿತ್ರ ಸ್ವಲ್ಪ ತಿಳಿಯಾಯಿತು. ನಮ್ಮ ಕಣ್ಣಿಗೆ ನಿಚ್ಚಳವಾಗಿ ಕಾಣುವುದು ನೋಟದ ನಟ್ಟನಡುವಿನ ಸುಮಾರು 2 ಡಿಗ್ರಿ ಮಾತ್ರ. ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನ ಅಗಲ. ಉಳಿದದ್ದೆಲ್ಲ ಮಸುಕು. ಆದ್ದರಿಂದ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತಾ, ಬೇಕಾದಲ್ಲಿ ಕ್ಷಣ ನಿಲ್ಲುತ್ತಾ ಜಗತ್ತನ್ನು ತುಣುಕು ತುಣುಕಾಗಿ ಕೂಡಿಸಿಕೊಳ್ಳುತ್ತದೆ. ಥಾಮಸ್ ಆರ್ಮ್‌ಸ್ಟ್ರಾಂಗ್ ಮತ್ತು ಬುನ್ಮಿ ಒಲಾಟುಂಜಿ 2012ರಲ್ಲಿ ಇಂಥ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಆತಂಕವುಳ್ಳವರ ಕಣ್ಣು ಭಯದ ಚಿತ್ರದ ಮೇಲೆ ಮೊದಲು ಹೋಗುವ ಸಾಧ್ಯತೆ ಹೆಚ್ಚಿತ್ತು. ಖಿನ್ನತೆಯುಳ್ಳವರ ಕಣ್ಣಿಗೆ ಅಂಥ ಅವಸರವಿರಲಿಲ್ಲ. ಆದರೆ ದುಃಖದ ಚಿತ್ರದ ಮೇಲೆ ಹೋದದ್ದು ಅಲ್ಲೇ ಉಳಿಯುತ್ತಿತ್ತು, ಸಂತೋಷದ ಚಿತ್ರದ ಮೇಲೆ ನಿಲ್ಲುವ ಹೊತ್ತು ಕಡಿಮೆಯಾಗುತ್ತಿತ್ತು. ಈ ಕೊನೆಯ ಮಾತು ನನ್ನನ್ನು ಬಹಳವಾಗಿ ತಟ್ಟಿದೆ. ಖಿನ್ನತೆ ಎಂದರೆ ದುಃಖ ಹೆಚ್ಚಾಗುವುದು ಎಂದು ನಾವು ತಿಳಿದಿರುತ್ತೇವೆ. ನಗುವ ಮಗುವಿನ ಚಿತ್ರದ ಮೇಲೆ ಕಣ್ಣು ತಂಗದೆ ಜಾರಿಹೋಗುವುದೂ ಖಿನ್ನತೆಯೇ. ಅದನ್ನು ಹೊರಗಿನವರು ಗಮನಿಸುವುದು ಬಹಳ ಕಷ್ಟ, ಸ್ವತಃ ಅನುಭವಿಸುತ್ತಿರುವವರಿಗೂ.

ಇಷ್ಟಾದರೂ ಅವು ಪರದೆಯ ಮೇಲಿನ ಚಿತ್ರಗಳೇ. ಗದರುವ ಮುಖದ ಫೋಟೋ ಯಾರನ್ನೂ ನಿಜವಾಗಿ ಗದರುವುದಿಲ್ಲ.

ನೋಡುವವರನ್ನು ದೃಶ್ಯದೊಳಗೇ ಇಳಿಸುವ ದಾರಿ ಬೇರೊಂದು ಕಡೆಯಿಂದ ಬಂತು. ತಲೆಗೆ ಕಟ್ಟಿಕೊಂಡು ನೋಡುವ ಮೊದಲ ಕಂಪ್ಯೂಟರ್ ಪರದೆಯನ್ನು ಅಮೆರಿಕದ ಐವನ್ ಸದರ್‌ಲ್ಯಾಂಡ್ 1968ರಲ್ಲಿ ಮಾಡಿ ತೋರಿಸಿದ್ದರು. ಚಾವಣಿಯಿಂದ ಇಳಿಬಿಟ್ಟ ಆ ಯಂತ್ರ ತಂತಿಗೆರೆಯ ಆಕೃತಿಗಳನ್ನು ತೋರಿಸುತ್ತಿತ್ತು. 1995ರಲ್ಲಿ ಬಾರ್ಬರಾ ರಾತ್‌ಬಾಮ್ ಮತ್ತು ಲ್ಯಾರಿ ಹಾಜಸ್ ಎತ್ತರಕ್ಕೆ ಹೆದರುವವರಿಗೆ ಇಂಥ ಪರದೆಯಲ್ಲಿ ಕಾಣುವ ಕೃತಕ ಜಗತ್ತಿನ, ಅಂದರೆ ವರ್ಚುವಲ್ ರಿಯಾಲಿಟಿಯ, ಮೂಲಕ ಚಿಕಿತ್ಸೆ ಕೊಟ್ಟ ವರದಿ ಪ್ರಕಟಿಸಿದರು. ಆದರೆ ಚಿಕಿತ್ಸೆಗಿಂತ ಅಳತೆಗಾಗಿ ಇದನ್ನು ಬಳಸಿದವರಲ್ಲಿ ನೆನೆಯಬೇಕಾದವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ರಿಝೊ. ಇಸವಿ 2000ದ ಹೊತ್ತಿಗೆ ಅವರು ಒಂದು ಕೃತಕ ತರಗತಿ ಕಟ್ಟಿದರು. ಮಗು ಹೆಡ್‌ಸೆಟ್ ಹಾಕಿಕೊಂಡರೆ ತಾನು ಬೆಂಚಿನ ಮೇಲೆ ಕೂತಿರುತ್ತದೆ. ಮುಂದೆ ಟೀಚರ್, ಕಪ್ಪುಹಲಗೆ, ಅದರ ಮೇಲೆ ಒಂದೊಂದಾಗಿ ಬರುವ ಅಕ್ಷರಗಳು. ಗೊತ್ತುಮಾಡಿದ ಅಕ್ಷರ ಬಂದಾಗ ಗುಂಡಿ ಒತ್ತಬೇಕು. ಈ ಅಕ್ಷರದ ಪರೀಕ್ಷೆ ಹೊಸದಲ್ಲ, 1956ರಿಂದಲೂ ಇದ್ದದ್ದೇ. ಹೊಸದು ಸುತ್ತಲಿನ ಜಗತ್ತು: ಕಾಗದದ ವಿಮಾನ ತಲೆಯ ಮೇಲೆ ಹಾರಿಹೋಗುತ್ತದೆ, ಕಿಟಕಿಯಾಚೆ ಬಸ್ಸು ಸಾಗುತ್ತದೆ, ಬಾಗಿಲು ತೆರೆದು ಯಾರೋ ಬರುತ್ತಾರೆ. ಚಂಚಲತೆಯ ತೊಂದರೆಯಿರುವ ಮಕ್ಕಳು ಇಲ್ಲಿ ಹೆಚ್ಚು ತಪ್ಪಿದರು, ಹೆಚ್ಚು ಅಲುಗಾಡಿದರು. ತಪ್ಪುಗಳ ಜೊತೆಗೆ ಆ ಕ್ಷಣದಲ್ಲಿ ಮಗುವಿನ ತಲೆ ಯಾವ ಕಡೆ ತಿರುಗಿತ್ತು ಎಂಬುದೂ ದಾಖಲಾಯಿತು.

ಇದು ಕೆಲಸ ಮಾಡುವುದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೆಡ್‌ಸೆಟ್ ಎರಡೂ ಕಣ್ಣಿಗೆ ಸ್ವಲ್ಪ ಬೇರೆಬೇರೆ ಕೋನದ ಚಿತ್ರ ತೋರಿಸುತ್ತದೆ. ಮಿದುಳು ಅವನ್ನು ಕೂಡಿಸಿ ಆಳ ಕಾಣುತ್ತದೆ. ಒಳಗಿನ ಸಂವೇದಕಗಳು ತಲೆಯ ಪ್ರತಿ ಅಲುಗಾಟವನ್ನು ಹಿಡಿದು ದೃಶ್ಯವನ್ನು ಅದಕ್ಕೆ ತಕ್ಕಂತೆ ಹೊರಳಿಸುತ್ತವೆ. ಈ ಹೊಂದಾಣಿಕೆ ತಡವಾದರೆ ಭ್ರಮೆ ಒಡೆಯುತ್ತದೆ, ಹೊಟ್ಟೆ ತೊಳಸುತ್ತದೆ. ಹೊಂದಾಣಿಕೆ ಸರಿಯಾಗಿದ್ದರೆ ಆಗುವುದನ್ನು ಮೆಲ್ ಸ್ಲೇಟರ್ ಎಂಬ ವಿಜ್ಞಾನಿ 2009ರಲ್ಲಿ ಎರಡಾಗಿ ಬಿಡಿಸಿ ಹೇಳಿದರು: ನಾನು ಆ ಜಾಗದಲ್ಲಿ ಇದ್ದೇನೆ ಎಂಬ ಭ್ರಮೆ ಒಂದು, ಇಲ್ಲಿ ಆಗುತ್ತಿರುವುದು ನಿಜವಾಗಿ ಆಗುತ್ತಿದೆ ಎಂಬ ಭ್ರಮೆ ಇನ್ನೊಂದು. ಇದು ಸುಳ್ಳೆಂದು ಬುದ್ಧಿಗೆ ಗೊತ್ತಿರುತ್ತದೆ. ಉತ್ತರ ಕರೊಲೈನಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೃತಕ ಹೊಂಡದ ಅಂಚಿಗೆ ಬಂದವರಿಗೂ ಅದು ಗೊತ್ತಿತ್ತು. ಆದರೂ ಅವರ ಎದೆಬಡಿತ ಏರಿತು.

ಇತ್ತೀಚಿನ ಹೆಡ್‌ಸೆಟ್‌ಗಳಲ್ಲಿ ಕಣ್ಣಿನ ಚಲನೆ ಹಿಡಿಯುವ ಪುಟ್ಟ ಕ್ಯಾಮೆರಾಗಳೂ ಇವೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಕಣ್ಣಿನ ಮೇಲೆ ಬಿಟ್ಟು, ಪಾಪೆಯ ನಡುಬಿಂದು ಮತ್ತು ಕಾರ್ನಿಯಾದ ಮೇಲಿನ ಹೊಳಪು ಇವುಗಳ ನಡುವಿನ ಸ್ಥಾನದಿಂದ ನೋಟದ ದಿಕ್ಕನ್ನು ಲೆಕ್ಕ ಹಾಕುತ್ತವೆ. 2019ರಲ್ಲಿ ಮಾರುಕಟ್ಟೆಗೆ ಬಂದ ವೈವ್ ಪ್ರೊ ಐ ಎಂಬ ಹೆಡ್‌ಸೆಟ್ ಸೆಕೆಂಡಿಗೆ 120 ಸಲ ಈ ಲೆಕ್ಕ ಮಾಡುತ್ತದೆ. ಕಣ್ಣಿನಿಂದ ಹೊರಟ ಗೆರೆ ಕೃತಕ ಜಗತ್ತಿನ ಯಾವ ವಸ್ತುವಿಗೆ ತಾಗಿತು ಎಂಬುದು ಕಂಪ್ಯೂಟರಿಗೆ ತಿಳಿದೇ ಇರುತ್ತದೆ, ಏಕೆಂದರೆ ಆ ವಸ್ತುವನ್ನು ಅಲ್ಲಿಟ್ಟದ್ದು ಅದೇ. ಹೀಗೆ ಯಾರ ಮುಖವನ್ನು, ಯಾವಾಗ, ಎಷ್ಟು ಹೊತ್ತು, ಎಷ್ಟನೇ ಸಲ ನೋಡಿದರು ಎಂಬ ದಾಖಲೆ ತಾನಾಗಿ ಬರೆದುಕೊಳ್ಳುತ್ತಾ ಹೋಗುತ್ತದೆ. ರೋಗಿ ಗುಂಡಿ ಒತ್ತಲೇಬೇಕೆಂದಿಲ್ಲ. ಸುಮ್ಮನೆ ಅಲ್ಲಿ ಇದ್ದರೆ ಸಾಕು.

ಈ ಸ್ವಾತಂತ್ರ್ಯದಿಂದ ಏನು ಹೊರಬಂತು ಎಂಬುದಕ್ಕೆ ಭಾಷಣದ ಪ್ರಯೋಗಗಳೇ ಒಳ್ಳೆಯ ಸಾಕ್ಷಿ. ಜನರ ಮುಂದೆ ಮಾತಾಡಬೇಕೆಂದರೆ ಗಂಟಲು ಒಣಗುವುದು ಸಾಮಾಜಿಕ ಆತಂಕದ ಮುಖ್ಯ ಲಕ್ಷಣ. ಅಮೆರಿಕದ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಸುತ್ತಲೂ ಕಾಣುವಂತೆ ಚಿತ್ರೀಕರಿಸಿದ ಸಭೆಯೊಂದನ್ನು ಹೆಡ್‌ಸೆಟ್‌ನಲ್ಲಿ ತೋರಿಸಿ, ಅದರ ಮುಂದೆ ಭಾಷಣ ಮಾಡಿಸಿದರು. 2020ರಲ್ಲಿ ಅದರ ವರದಿ ಬಂತು. ಸಭೆಯಲ್ಲಿ ಕೆಲವರು ಆಸಕ್ತಿಯಿಂದ ತಲೆದೂಗುತ್ತಾರೆ, ಕೆಲವರು ಭಾವವಿಲ್ಲದೆ ಕೂತಿರುತ್ತಾರೆ, ಕೆಲವರಿಗೆ ಇವರ ಮಾತು ಬೇಡವೇ ಬೇಡ. ಹಳೆಯ ಚುಕ್ಕಿಯ ಪರೀಕ್ಷೆಯನ್ನು ನಂಬಿದ್ದರೆ, ಆತಂಕ ಹೆಚ್ಚಿದ್ದವರ ಕಣ್ಣು ಆ ಬೇಸರದ ಮುಖಗಳಿಗೇ ಅಂಟಿಕೊಳ್ಳಬೇಕಿತ್ತು. ಆದದ್ದು ವಿರುದ್ಧ. ಸಾಮಾಜಿಕ ಆತಂಕ ಹೆಚ್ಚಿದ್ದಷ್ಟೂ ಅವರು ಆ ಮುಖಗಳನ್ನು ನೋಡಿದ್ದು ಕಡಿಮೆ. ತಪ್ಪಿಸಿಕೊಳ್ಳಲು ಜಾಗ ಸಿಕ್ಕಿದಾಗ ನೋಟ ತಪ್ಪಿಸಿಕೊಂಡಿತು.

ಹಾಗಾದರೆ 1986ರ ಪ್ರಯೋಗ ಸುಳ್ಳೇ? ಸುಳ್ಳಲ್ಲ. ಅರ್ಧ ಸೆಕೆಂಡಿನಲ್ಲಿ ಆಗುವುದು ಒಂದು, ಐದು ನಿಮಿಷದಲ್ಲಿ ಆಗುವುದು ಇನ್ನೊಂದು. ಅಪಾಯವನ್ನು ಮೊದಲು ಗುರುತಿಸಿ ಆಮೇಲೆ ಅದರಿಂದ ಕಣ್ಣು ಕೀಳುವುದನ್ನು ಮನೋವಿಜ್ಞಾನಿಗಳು ಬಹಳ ಹಿಂದೆಯೇ ಊಹಿಸಿದ್ದರು. ಪರದೆಯ ಪರೀಕ್ಷೆಗೆ ಅದರ ಮೊದಲರ್ಧ ಮಾತ್ರ ಸುಲಭವಾಗಿ ಸಿಗುತ್ತಿತ್ತು. ಎರಡನೆಯರ್ಧವೇ ಕಾಯಿಲೆಯನ್ನು ಉಳಿಸಿ ಬೆಳೆಸುವ ಭಾಗ: ಬೇಸರದ ಮುಖ ಎಂದುಕೊಂಡದ್ದು ಎರಡು ನಿಮಿಷದ ನಂತರ ತಲೆದೂಗಿದ್ದರೆ, ಆ ಕಡೆ ನೋಡದವರಿಗೆ ಅದು ತಿಳಿಯುವುದೇ ಇಲ್ಲ. ಸಭೆ ತನ್ನನ್ನು ತಿರಸ್ಕರಿಸಿತು ಎಂಬ ನಂಬಿಕೆಯನ್ನು ಹೊತ್ತೇ ಅವರು ಕೆಳಗಿಳಿಯುತ್ತಾರೆ. ಈ ಒಂದು ಸಂಗತಿಯನ್ನು ರೋಗಿಗೆ ಅವರದೇ ನೋಟದ ದಾಖಲೆಯಿಂದ ತೋರಿಸಬಹುದು ಎಂಬುದೇ ಈ ತಂತ್ರದ ದೊಡ್ಡ ಭರವಸೆ ಎಂದು ನಾನು ಭಾವಿಸುತ್ತೇನೆ.

ಎಲ್ಲರಿಗೂ ಒಂದೇ ಜಗತ್ತು ಕೊಡಬಹುದು ಎಂಬುದು ಇನ್ನೊಂದು ಬಲ. ಡೇನಿಯಲ್ ಫ್ರೀಮನ್ ಮತ್ತು ಸಂಗಡಿಗರು 2008ರಲ್ಲಿ ಸಾಮಾನ್ಯ ಜನರಲ್ಲಿ 200 ಮಂದಿಯನ್ನು ಲಂಡನ್ನಿನ ನೆಲದಡಿಯ ರೈಲಿನ ಕೃತಕ ಬೋಗಿಯಲ್ಲಿ ಸುಮಾರು ನಾಲ್ಕು ನಿಮಿಷ ಪ್ರಯಾಣ ಮಾಡಿಸಿದರು. ಸಹಪ್ರಯಾಣಿಕರೆಲ್ಲ ಕಂಪ್ಯೂಟರಿನ ಗೊಂಬೆಗಳು. ಯಾರ ಮುಖದಲ್ಲೂ ದ್ವೇಷವಿಲ್ಲ, ಸ್ನೇಹವೂ ಇಲ್ಲ. ಹೆಚ್ಚಿನವರಿಗೆ ಅವರು ಸ್ನೇಹದವರೋ ಸಾಧಾರಣರೋ ಆಗಿ ಕಂಡರು. ಇನ್ನು ಕೆಲವರಿಗೆ ಅದೇ ಗೊಂಬೆಗಳು ತಮ್ಮನ್ನೇ ದುರುಗುಟ್ಟಿದಂತೆ, ತಮಗೆ ಕೇಡು ಬಗೆದಂತೆ ಕಂಡವು. ಅಂಥವರಲ್ಲಿ ಆತಂಕ, ಚಿಂತೆ ಹೆಚ್ಚಿದ್ದವು. ನಿಜವಾದ ರೈಲಿನಲ್ಲಿ ಒಬ್ಬರು "ಆತ ನನ್ನನ್ನು ದುರುಗುಟ್ಟಿ ನೋಡಿದ" ಎಂದರೆ, ನೋಡಿದ್ದನೋ ಇಲ್ಲವೋ ಎಂದು ಹೇಳುವವರಾರು? ಇಲ್ಲಿ ಗೊಂಬೆಗಳನ್ನು ಮಾಡಿದವರಿಗೆ ಉತ್ತರ ಗೊತ್ತಿದೆ.

ಆತಂಕದ ಬಗ್ಗೆ ಇಷ್ಟು ಹೇಳಿದ ಮೇಲೆ ಖಿನ್ನತೆಯ ವಿಷಯದಲ್ಲಿ ನಿಧಾನಿಸಬೇಕಾಗುತ್ತದೆ. ಭಯಕ್ಕೆ ಹೊರಗೊಂದು ವಸ್ತುವಿರುತ್ತದೆ, ಅದನ್ನು ಕೃತಕ ಜಗತ್ತಿನಲ್ಲಿ ಇಡಬಹುದು. ಮೆಲುಕು ಹಾಕುವ ಮನಸ್ಸಿನ ವಸ್ತು ಒಳಗಿರುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ನೇಡಾ ಗೌಲ್ಡ್ ಮತ್ತು ಸಂಗಡಿಗರು 2007ರಲ್ಲಿ ಬೇರೊಂದು ದಾರಿ ಹಿಡಿದರು. ಕಂಪ್ಯೂಟರಿನೊಳಗೆ ಪುಟ್ಟ ಪಟ್ಟಣವೊಂದನ್ನು ಕಟ್ಟಿ, ಖಿನ್ನತೆಯಿರುವವರು ಅದರಲ್ಲಿ ಸುತ್ತಾಡಿ ಜಾಗಗಳನ್ನು ಗುರುತಿಟ್ಟುಕೊಂಡು, ಮತ್ತೆ ಅಲ್ಲಿಗೆ ದಾರಿ ಹುಡುಕಬೇಕೆಂದರು. ಹೆಡ್‌ಸೆಟ್ ಇರಲಿಲ್ಲ, ಪರದೆಯ ಮುಂದೆಯೇ ಕೂತು ಮಾಡಿದ್ದು. ಹಳೆಯ ಮಾದರಿಯ ನೆನಪಿನ ಪರೀಕ್ಷೆಯಲ್ಲಿ ಖಿನ್ನತೆಯುಳ್ಳವರಿಗೂ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಪಟ್ಟಣದಲ್ಲಿ ಕಂಡಿತು, ಅವರು ಹಿಂದೆ ಬಿದ್ದರು. ಇದು ಮುಖ್ಯವಾಗಿ ಜಾಗದ ನೆನಪಿನ ಪ್ರಯೋಗ, ಗಮನದ್ದಲ್ಲ ಎಂದು ಆಕ್ಷೇಪಿಸಬಹುದು. ಆದರೆ ದಾರಿಯಲ್ಲಿ ನಡೆಯುವಾಗ ಅಂಗಡಿ, ತಿರುವು, ಕಟ್ಟಡಗಳನ್ನು ಗಮನಿಸದವರ ನೆನಪಿನಲ್ಲಿ ಏನು ಉಳಿದೀತು? ಹಾಳೆಯ ಮೇಲೆ ಅವೆರಡನ್ನು ಬೇರ್ಪಡಿಸಬಹುದು. ಬೀದಿಯಲ್ಲಿ ಅವು ಬೇರೆಯಾಗಿ ಇರುವುದಿಲ್ಲ.

ಒಳಮುಖವಾದ ಗಮನವನ್ನು ಹಿಡಿಯಲು ಇನ್ನೂ ಕೆಲವು ಉಪಾಯಗಳಿವೆ. ಗುಂಡಿ ಒತ್ತುವ ಸರಾಸರಿ ವೇಗಕ್ಕಿಂತ ಅದರ ಏರಿಳಿತ ಹೆಚ್ಚು ಹೇಳುತ್ತದೆ: ಹತ್ತು ಸಲ ಸರಿಯಾಗಿ ಒತ್ತಿ, ಹನ್ನೊಂದನೆಯ ಸಲ ಎರಡರಷ್ಟು ಹೊತ್ತು ತೆಗೆದುಕೊಂಡರೆ ಆ ನಡುವೆ ಮನಸ್ಸು ಬೇರೆಲ್ಲೋ ಇತ್ತು. ಕೃತಕ ಜಗತ್ತನ್ನು ಇದ್ದಕ್ಕಿದ್ದಂತೆ ನಿಲ್ಲಿಸಿ "ಈಗ ಏನು ಯೋಚಿಸುತ್ತಿದ್ದಿರಿ?" ಎಂದು ಕೇಳಿ ಮತ್ತೆ ಮುಂದುವರಿಸಬಹುದು. ಸ್ಪೇನಿನ ನೆಸ್‌ಪ್ಲೋರಾ ಸಂಸ್ಥೆ ದೊಡ್ಡವರಿಗಾಗಿ ಕಟ್ಟಿರುವ ಪರೀಕ್ಷೆ ಒಂದು ಮೀನುಮನೆಯಲ್ಲಿ ನಡೆಯುತ್ತದೆ. ಗಾಜಿನಾಚೆ ಮೀನುಗಳು ಈಜಿಬರುತ್ತವೆ, ಕಿವಿಯಲ್ಲಿ ಮೀನಿನ ಹೆಸರುಗಳು ಕೇಳುತ್ತವೆ, ಕೊಟ್ಟ ನಿಯಮದಂತೆ ಕೆಲವಕ್ಕೆ ಒತ್ತಬೇಕು, ಕೆಲವಕ್ಕೆ ಒತ್ತಬಾರದು. ನಡುವೆ ಮನಸ್ಸು ಸೆಳೆಯುವ ಸಂಗತಿಗಳು ಬರುತ್ತಿರುತ್ತವೆ. ಬಿಟ್ಟದ್ದೆಷ್ಟು, ದುಡುಕಿ ಒತ್ತಿದ್ದೆಷ್ಟು, ಕಣ್ಣಿಗಿಂತ ಕಿವಿ ತಪ್ಪಿತೇ, ತಲೆ ಎಷ್ಟು ಅಲುಗಿತು ಎಂಬುದೆಲ್ಲ ಬೇರೆಬೇರೆಯಾಗಿ ಸಿಗುತ್ತದೆ. ಚಂಚಲತೆಯ ತೊಂದರೆಗೆಂದು ಹುಟ್ಟಿದ ಇಂಥ ಪರೀಕ್ಷೆಗಳನ್ನು ಖಿನ್ನತೆ, ಆತಂಕಗಳ ಕಡೆಗೂ ತಿರುಗಿಸಿ ನೋಡುವ ಕೆಲಸ ಈಗ ನಡೆದಿದೆ.

ಇವೆಲ್ಲ ಎಷ್ಟೇ ಆಕರ್ಷಕವಾಗಿದ್ದರೂ ಹೆಡ್‌ಸೆಟ್ ರೋಗ ಪತ್ತೆ ಮಾಡಿಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಣ್ಣು ಚಲನೆಯನ್ನು ಕಂಡು ಒಳಗಿವಿ ಅದನ್ನು ಕಾಣದಿದ್ದಾಗ ತಲೆಸುತ್ತು, ಬೆವರು, ಓಕರಿಕೆ ಬರುತ್ತವೆ. ಆತಂಕದ ಲಕ್ಷಣಗಳೂ ಇವೇ. ಅಳೆಯಹೊರಟ ಸಂಗತಿಯನ್ನು ಅಳತೆಗೋಲೇ ಹುಟ್ಟಿಸುವ ಅಪಾಯ ಇದು. ಹೆಡ್‌ಸೆಟ್ ಹಾಕುವ ಮೊದಲೂ ನಂತರವೂ ಇವನ್ನು ಕೇಳಿ ಬರೆದುಕೊಳ್ಳದ ಅಧ್ಯಯನಕ್ಕೆ ಬೆಲೆ ಕಡಿಮೆ. ಆತಂಕಕ್ಕೆ ಕೊಡುವ ಕ್ಲೊನಾಜೆಪಾಮ್‌ನಂಥ ಮಾತ್ರೆಗಳು ಪ್ರತಿಕ್ರಿಯೆಯನ್ನು ನಿಧಾನಿಸುತ್ತವೆ. ಹಿಂದಿನ ರಾತ್ರಿ ನಿದ್ದೆ ಬಾರದಿದ್ದರೆ ಯಾರ ಗಮನವೂ ಕುಸಿಯುತ್ತದೆ. ದಪ್ಪ ಕನ್ನಡಕದವರಲ್ಲಿ ಕಣ್ಣಿನ ಲೆಕ್ಕ ತಪ್ಪಬಹುದು. ವಿಡಿಯೊ ಗೇಮ್ ಆಡಿ ಬೆಳೆದ ಇಪ್ಪತ್ತರ ಹುಡುಗನನ್ನೂ ಕೈಯಲ್ಲಿ ಕಂಟ್ರೋಲರ್ ಹಿಡಿದೇ ಗೊತ್ತಿಲ್ಲದ ಅರವತ್ತರ ಹೆಂಗಸನ್ನೂ ಒಂದೇ ಕೋಷ್ಟಕದಿಂದ ತೂಗಿದರೆ ಸಿಗುವುದು ರೂಢಿಯ ಅಳತೆ, ಖಿನ್ನತೆಯದಲ್ಲ.

ಜಗತ್ತು ಯಾರದ್ದಾಗಿರಬೇಕು ಎಂಬ ಪ್ರಶ್ನೆಯೂ ಇದೆ. ಲಂಡನ್ನಿನ ಸುರಂಗ ರೈಲು ಲಂಡನ್ನಿನವರಿಗೆ ದಿನನಿತ್ಯದ್ದು. ಕಲಬುರಗಿಯಿಂದ ಕಾಲೇಜಿಗೆಂದು ಬಂದ ಹುಡುಗಿಗೆ ಅದು ಪ್ರವಾಸ. ಅಲ್ಲಿ ಅವಳ ಕಣ್ಣು ಎಲ್ಲೆಲ್ಲೂ ಓಡುತ್ತದೆ, ಅದು ಕುತೂಹಲವೋ ಆತಂಕವೋ ಹೇಳಲಾಗದು. ಅವಳಿಗೆ ಬೇಕಾದದ್ದು ಸಂಜೆ ಆರರ ಬಸ್ ನಿಲ್ದಾಣ: ಕನ್ನಡದಲ್ಲಿ ಕೂಗುವ ಧ್ವನಿವರ್ಧಕ, ಫಲಕ ನೋಡುವಷ್ಟರಲ್ಲಿ ಅಡ್ಡಬರುವ ಜನ, ಕಂಡಕ್ಟರ್ ಸೀಟಿ, ಬೆಂಚಿನ ಮೇಲೆ ಕೂತು ಇವಳನ್ನೇ ನೋಡಿದಂತೆ ಕಾಣುವ ಅಪರಿಚಿತರು. ತನ್ನ ಊರಿನ ಬಸ್ಸಿನ ಫಲಕ ಬಂದಾಗ ಗುಂಡಿ ಒತ್ತಬೇಕು, ಅಷ್ಟೇ ಕೆಲಸ. ಅವಳ ಗಮನ ದಿನವೂ ಪರೀಕ್ಷೆಗೆ ಒಳಗಾಗುವುದು ಅಲ್ಲಿಯೇ. ಇಂಥದ್ದನ್ನು ಕಟ್ಟಲು ಬೇಕಾದ ಕಸುಬು ಬೆಂಗಳೂರಿನಲ್ಲಿದೆ, ಮನಸ್ಸಿನ ಕಾಯಿಲೆ ಬಲ್ಲ ಸಂಸ್ಥೆಯೂ ಅಲ್ಲೇ ಇದೆ.

ಇದರ ಅಗತ್ಯ ಎಲ್ಲಿದೆ ಎಂಬುದಕ್ಕೂ ಲೆಕ್ಕ ಸಿಗುತ್ತದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಸುಮಾರು 20 ಜನರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಯನ್ನು ಅನುಭವಿಸುತ್ತಾರೆ ಎಂದು ಸಮೀಕ್ಷೆ ಕಂಡುಕೊಂಡಿತು. ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆಯಿರುವವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಚಿಕಿತ್ಸೆಯೇ ಸಿಗದ ಕಡೆ ಮೊದಲು ಬೇಕಾದದ್ದು ಕೂತು ಕೇಳುವ ಒಬ್ಬ ವೈದ್ಯ, 14416ಕ್ಕೆ ಕರೆ ಮಾಡಿದರೆ ಮಾತಾಡುವ ಟೆಲಿ ಮಾನಸ್‌ನ ಸಲಹೆಗಾರ. ಹೆಡ್‌ಸೆಟ್‌ನ ಸರದಿ ಅದಕ್ಕಿಂತ ಬಹಳ ಹಿಂದೆ.

ಆದರೆ ಒಂದು ಘಟ್ಟದಲ್ಲಿ ಅದು ಈಗಲೇ ಬೇಕೆನಿಸುತ್ತದೆ. ಖಿನ್ನತೆ ಇಳಿದ ಮೇಲಿನ ಘಟ್ಟ. ಕೇಂಬ್ರಿಡ್ಜಿನಲ್ಲಿ ರೂಪಿಸಿದ ಕಂಪ್ಯೂಟರ್ ಪರೀಕ್ಷೆಗಳ ಅಧ್ಯಯನಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮನಸ್ಸು ಹಗುರಾದ ನಂತರವೂ ಗಮನದ ಕೊರತೆ ಉಳಿದುಕೊಂಡಿರುವುದು ಕಂಡುಬಂತು. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ನಗುತ್ತಾರೆ. ಮನೆಯವರು ಗುಣವಾಯಿತೆಂದು ನೆಮ್ಮದಿಪಡುತ್ತಾರೆ. ಆದರೆ ಕಚೇರಿಗೆ ಹೋದರೆ ಕಡತ ಮುಗಿಯುವುದಿಲ್ಲ, ಪಾಠ ಮಾಡುವಾಗ ಮಾತು ತಪ್ಪುತ್ತದೆ. "ಈಗಲೂ ಏನು ನಿಂದು?" ಎಂಬ ಮಾತು ಕೇಳಬೇಕಾಗುತ್ತದೆ. ಅದನ್ನು ಕೇಳಿ ಅವರೇ ತಮ್ಮನ್ನು ಸೋಮಾರಿ ಎಂದುಕೊಳ್ಳುತ್ತಾರೆ. ಇದು ಕಾಯಿಲೆಯ ಉಳಿಕೆ, ಇನ್ನೂ ಕೆಲವು ತಿಂಗಳು ಅರ್ಧ ದಿನದ ಕೆಲಸ ಬೇಕು ಎಂದು ವೈದ್ಯರು ಬರೆದುಕೊಡಲು ಆಧಾರ ಬೇಕಾಗುತ್ತದೆ. ಶಾಂತವಾದ ಕೋಣೆಯ ಅಂಕಿಹಾಳೆಗಿಂತ ಗದ್ದಲದ ಕಚೇರಿಯ ಕೃತಕ ರೂಪ ಆ ಆಧಾರವನ್ನು ಚೆನ್ನಾಗಿ ಕೊಟ್ಟೀತು. ಚಿಕಿತ್ಸೆಯ ಮೊದಲು, ನಡುವೆ, ನಂತರ ಅದೇ ವ್ಯಕ್ತಿಯನ್ನು ಅವರ ಹಿಂದಿನ ದಾಖಲೆಯೊಂದಿಗೇ ಹೋಲಿಸಿದರೆ ಕೋಷ್ಟಕಗಳ ತಕರಾರೂ ಬಹುಮಟ್ಟಿಗೆ ತಪ್ಪುತ್ತದೆ. ಹೋಲಿಕೆಗೆ ನಿಲ್ಲುವಷ್ಟು ಸ್ಥಿರವಾದ ಅಂಕ ಬರುತ್ತದೆಯೇ ಎಂಬ ಶ್ಮುಕ್ಲೆಯವರ ಪ್ರಶ್ನೆಯನ್ನು ಇಲ್ಲಿಯೂ ಕೇಳಲೇಬೇಕು. ಹೊಸ ಯಂತ್ರ ಬಂದ ಮಾತ್ರಕ್ಕೆ ಆ ಪ್ರಶ್ನೆ ಹಳತಾಗುವುದಿಲ್ಲ.

ಕೊನೆಯದು ಆ ದಾಖಲೆ ಯಾರ ಕೈಯಲ್ಲಿ ಇರಬೇಕು ಎಂಬುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2020ರಲ್ಲಿ 511 ಜನ ಹೆಡ್‌ಸೆಟ್ ಹಾಕಿಕೊಂಡು ವಿಡಿಯೊ ನೋಡಿದಾಗಿನ ತಲೆ, ಕೈಗಳ ಚಲನೆಯನ್ನು ಕಂಪ್ಯೂಟರಿಗೆ ಕೊಟ್ಟರು. ಐದು ನಿಮಿಷಕ್ಕೂ ಕಡಿಮೆ ದಾಖಲೆಯಿಂದ ಅದು ನೂರರಲ್ಲಿ 95 ಸಲ ಇದು ಇಂಥವರೇ ಎಂದು ಗುರುತಿಸಿತು. ಹೆಸರು ಅಳಿಸಿದ್ದರೂ ಚಲನೆಯೇ ಹೆಸರು ಹೇಳುತ್ತದೆ. ಅದಕ್ಕೆ ನೋಟದ ದಾಖಲೆಯೂ ಸೇರಿದರೆ, ಒಬ್ಬರು ಯಾವುದಕ್ಕೆ ಹೆದರುತ್ತಾರೆ, ಯಾವ ಮುಖ ತಪ್ಪಿಸುತ್ತಾರೆ ಎಂಬುದು ಗುರುತಿನ ಸಮೇತ ಸಿಕ್ಕಂತಾಗುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವವರಿಗೂ ವಿಮೆ ಕೊಡುವವರಿಗೂ ಅದು ಬೇಕಾದ ಮಾಹಿತಿಯೇ. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ವೈದ್ಯರ ಬಾಯಿಗೆ ಅದು ಬೀಗ ಹಾಕುತ್ತದೆ. ಆದರೆ ಹೆಡ್‌ಸೆಟ್ ತಯಾರಿಸಿದ ಕಂಪನಿಯ ಖಾತೆಯ ಮೂಲಕ ದೂರದ ಸರ್ವರಿಗೆ ಹರಿದುಹೋಗುವ ಅಂಕಿಗಳ ಕಾವಲಿಗೆ ಆಸ್ಪತ್ರೆಯೇ ನಿಲ್ಲಬೇಕು. ಖರೀದಿಯ ಕರಾರಿಗೆ ಸಹಿ ಹಾಕುವ ದಿನವೇ ಕಣ್ಣಿನ ದಾಖಲೆ ಆಸ್ಪತ್ರೆಯ ಕಂಪ್ಯೂಟರಿನಿಂದ ಹೊರಹೋಗಕೂಡದು ಎಂಬ ಷರತ್ತನ್ನು ಅದು ಬರೆಸಿಕೊಳ್ಳಬೇಕು. ಹೆಡ್‌ಸೆಟ್ ಹಾಕಿಕೊಳ್ಳುವ ಮುನ್ನ ರೋಗಿಗೆ ಆ ಷರತ್ತನ್ನು ಅವರ ಭಾಷೆಯಲ್ಲಿ ಓದಿ ಹೇಳಬೇಕು.